ಎಲುಬಿನ ಬೊಕ್ಕಸ

ಸುರಪುರವೆಂದೊಡನೆ ಓದುಗರ ಕಣ್ಣ ಮುಂದೆ ನಿಲ್ಲುವವು ಬೇಡ ನಾಯಕರ ಸಂಸ್ಥಾನ, 1858ರಲ್ಲಿ ಬ್ರಿಟಿಷರನ್ನೆದುರಿಸಿದ ರಾಜಾ ವೆಂಕಟಪ್ಪ ನಾಯಕ, ಗುಡ್ಡದ ಮೇಲಿನ ಮೆಡೋಸ್ ಟೇಲರನ ಬಂಗಲೆ. ಆ ಊರಿಗೆ ಅಂಟಿಕೊಂಡೇ ಇರುವ ರಂಗಂಪೇಟೆಗೆ ಇಂಥ ಕೀರ್ತಿಯ ಹೊರೆ ಇಲ್ಲ. ಅದು ನೇಕಾರರ, ಒಕ್ಕಲಿಗರ, ಸಣ್ಣ ವ್ಯಾಪಾರಿಗಳ ಪೇಟೆ. ಸುತ್ತಲೂ ಕರಿಬಂಡೆಯ ಗುಡ್ಡಗಳು, ಉಣ್ಣುವುದು ಜೋಳದ ರೊಟ್ಟಿ, ಬಿಸಿಲಿಗಂತೂ ಬರವಿಲ್ಲ.

ಈ ಪೇಟೆಯ ಯಾವ ಕಟ್ಟೆಯ ಬಳಿ ಸಂಜೆಯ ಹೊತ್ತು ನಿಂತರೂ ಕಿವಿಗೆ ಬೀಳುವ ಮಾತೊಂದುಂಟು. "ಟೊಂಕ ಭಾಳ ನೋಯ್ತದ", "ಮೊಣಕಾಲು ಹಿಡಕೊಂಡಾವ", "ಕುಂತ್ರ ಏಳಲಿಕ್ಕ ಆಗವಲ್ದು." ಹೇಳುವವರು ಹಲವರು, ನೋವಿನ ನೆಲೆಗಳು ಹಲವು. ಆದರೆ ಎಲ್ಲಕ್ಕೂ ಇಟ್ಟಿರುವ ಹೆಸರು ಒಂದೇ: ವಾಯು. ವಯಸ್ಸಾದವರಿಗೆ ಅದು ವಯಸ್ಸಿನ ಫಲ. ಬಾಣಂತಿಗೆ ಅದು ಬಾಣಂತನದಲ್ಲಿ ತಪ್ಪಿದ ಪಥ್ಯದ ಫಲ. ಕಾಲು ಸೊಟ್ಟಗಾದ ಮಗುವಿಗೆ ಹಣೆಬರಹದ ಫಲ. ಹೆಸರು ಒಂದಾದುದರಿಂದ ಮದ್ದೂ ಒಂದೇ. ನೋವು ನುಂಗಿಸುವ ಗುಳಿಗೆ, ಅದೂ ತೀರಿದ ಮೇಲೆ ಕಾಗದದಲ್ಲಿ ಕಟ್ಟಿಕೊಟ್ಟ ಹೆಸರಿಲ್ಲದ ಪುಡಿ.

ಒಂದೇ ಬಗೆಯಾಗಿ ನರಳುವ ಈ ಜನರ ಎಲುಬುಗಳಲ್ಲಿ ನಡೆದಿರುವ ವ್ಯಾಪಾರ ಒಂದೇ ಬಗೆಯದಲ್ಲ. ಒಬ್ಬರ ಎಲುಬು ಮೆದುವಾಗಿದೆ, ಇನ್ನೊಬ್ಬರದು ಅಳತೆ ಮೀರಿ ಗಟ್ಟಿಯಾಗಿದೆ, ಮತ್ತೊಬ್ಬರದನ್ನು ಒಳಗಿನಿಂದಲೇ ಯಾವುದೋ ಕೊರೆಯುತ್ತಿದೆ. ಒಬ್ಬರ ಬಾಳಿಗೆ ಅಮೃತವಾಗುವ ಔಷಧಿ ಇನ್ನೊಬ್ಬರಿಗೆ ವಿಷವಾದೀತು. ಇವರನ್ನು ಬೇರೆಬೇರೆಯಾಗಿ ಗುರುತಿಸುವುದೇ ನಿರ್ನಾಳಗ್ರಂಥಿ ತಜ್ಞನ ಕೆಲಸ. ಜನ ಈ ವೈದ್ಯನನ್ನು ಬಲ್ಲದ್ದು 'ಸಕ್ಕರೆ ಡಾಕ್ಟರ್' ಎಂದು. ಸಿಹಿಮೂತ್ರವೂ ಥೈರಾಯಿಡ್ ಗ್ರಂಥಿಯ ತೊಂದರೆಗಳೂ ಅವನ ಕೆಲಸದ ಹೆಚ್ಚಿನ ಪಾಲೆಂಬುದು ನಿಜ. ಆದರೆ ಎಲುಬೂ ಅವನ ಪಾಲಿಗೆ ಬಂದಿದೆ ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ಮುರಿದ ಎಲುಬನ್ನು ಕೂಡಿಸುವ ವೈದ್ಯ ಬೇರೆ ಇರುವಾಗ ಇವನಿಗೆ ಅಲ್ಲೇನು ಕೆಲಸ?

ಜೋಳದ ಕಾಳಿನ ತೂಕದ ಕಾವಲುಗಾರರು

ಎಲುಬೆಂದರೆ ಮನೆಯ ಕಂಬ ತೊಲೆಗಳಂತೆ ಒಮ್ಮೆ ನಿಲ್ಲಿಸಿ ಮರೆತುಬಿಡುವ ವಸ್ತುವೆಂಬುದು ಸಾಮಾನ್ಯ ತಿಳುವಳಿಕೆ. ವಸ್ತುಸ್ಥಿತಿ ಹಾಗಿಲ್ಲ. ಎಲುಬಿನೊಳಗೆ ಅಗೆಯುವ ಕಣಗಳೂ ಕಟ್ಟುವ ಕಣಗಳೂ ಬಿಡುವಿಲ್ಲದೆ ದುಡಿಯುತ್ತಿರುತ್ತವೆ. ವಯಸ್ಕನ ಅಸ್ಥಿಪಂಜರದ ಸುಮಾರು ಹತ್ತರಲ್ಲೊಂದು ಪಾಲು ವರ್ಷವರ್ಷವೂ ಹಳತು ಹೋಗಿ ಹೊಸತಾಗುತ್ತದೆ. ಅಗೆತಕ್ಕೂ ಕಟ್ಟಡಕ್ಕೂ ಸಮತೂಕವಿರುವಷ್ಟು ಕಾಲ ಮನುಷ್ಯನಿಗೆ ತನ್ನ ಎಲುಬಿನ ನೆನಪೇ ಇರುವುದಿಲ್ಲ.

ಇದು ಕಂಬವೂ ಹೌದು, ಬೊಕ್ಕಸವೂ ಹೌದು. ವಯಸ್ಕನ ದೇಹದಲ್ಲಿ ಸುಮಾರು ಒಂದು ಕಿಲೋಗ್ರಾಮಿನಷ್ಟು ಕ್ಯಾಲ್ಸಿಯಂ, ಎಂದರೆ ಸುಣ್ಣದ ಸತ್ವ, ಇರುತ್ತದೆ. ಅದರಲ್ಲಿ ನೂರಕ್ಕೆ 99 ಪಾಲು ಎಲುಬು ಹಲ್ಲುಗಳಲ್ಲಿ ಜಮಾ ಆಗಿರುತ್ತದೆ. ಉಳಿದ ಪುಡಿಗಾಸಿನಂಥ ಒಂದು ಪಾಲು ರಕ್ತ ಮಾಂಸಗಳಲ್ಲಿ ಸಂಚರಿಸುತ್ತದೆ. ಆದರೆ ಈ ಪುಡಿಗಾಸೇ ಪ್ರಾಣ. ಹೃದಯ ಮಿಡಿಯುವುದಕ್ಕೆ, ಸ್ನಾಯು ಸೆಳೆಯುವುದಕ್ಕೆ, ನರ ಸುದ್ದಿ ಒಯ್ಯುವುದಕ್ಕೆ ಅದು ಬೇಕು. ನೂರು ಮಿಲಿಲೀಟರು ರಕ್ತದಲ್ಲಿ ಅದು ಸುಮಾರು ಎಂಟೂವರೆಯಿಂದ ಹತ್ತೂವರೆ ಮಿಲಿಗ್ರಾಮಿನ ಒಳಗೆ ನಿಲ್ಲಬೇಕು. ಬಹಳ ಇಳಿದರೆ ಕೈಬೆರಳು ಸೆಟೆದುಕೊಳ್ಳುತ್ತವೆ, ಬಹಳ ಏರಿದರೆ ಬುದ್ಧಿ ಮಂಕಾಗುತ್ತದೆ.

ಈ ಲೆಕ್ಕವನ್ನು ನೋಡಿಕೊಳ್ಳುವವರಾರು? ಕೊರಳಿನ ಥೈರಾಯಿಡ್ ಗ್ರಂಥಿಯ ಬೆನ್ನಿಗೆ ಅಂಟಿಕೊಂಡಿರುವ ನಾಲ್ಕು ಕಿರುಗ್ರಂಥಿಗಳು. ಇವಕ್ಕೆ ಪ್ಯಾರಾಥೈರಾಯಿಡ್ ಎಂದು ಹೆಸರು. ಒಂದೊಂದರ ತೂಕವೂ ಹೆಚ್ಚುಕಡಿಮೆ ಒಂದು ಜೋಳದ ಕಾಳಿನಷ್ಟು! ರಕ್ತದಲ್ಲಿ ಸುಣ್ಣ ಇಳಿಯಿತೆಂದರೆ ಈ ಗ್ರಂಥಿಗಳು ತಮ್ಮ ರಸವನ್ನು ರಕ್ತಕ್ಕೆ ಬಿಡುತ್ತವೆ. ಆ ರಸ ಮೂರು ಕಡೆ ಅಪ್ಪಣೆ ಒಯ್ಯುತ್ತದೆ. ಎಲುಬಿಗೆ, "ಬೊಕ್ಕಸ ತೆರೆ" ಎಂದು. ಮೂತ್ರಪಿಂಡಕ್ಕೆ, "ಇದ್ದುದನ್ನು ಹೊರಗೆ ಚೆಲ್ಲಬೇಡ" ಎಂದು. ಮತ್ತೆ ಅದೇ ಮೂತ್ರಪಿಂಡಕ್ಕೆ, "ಡಿ ಜೀವಸತ್ವವನ್ನು ಹುರಿಗೊಳಿಸಿ ಕರುಳಿಗೆ ಕಳಿಸು, ಊಟದಲ್ಲಿ ಬಂದ ಸುಣ್ಣವನ್ನು ಅದು ಹೀರಿಕೊಳ್ಳಲಿ" ಎಂದು. ನಾಳದ ಹಂಗಿಲ್ಲದೆ ನೇರವಾಗಿ ರಕ್ತಕ್ಕಿಳಿದು ದೂರದ ಅಂಗಕ್ಕೆ ಅಪ್ಪಣೆ ಮುಟ್ಟಿಸುವ ಇಂಥ ರಸಗಳಿಗೆ 'ಹಾರ್ಮೋನು' ಎಂಬ ಹೆಸರು ಬಳಕೆಗೆ ಬಂದುದು 1905ರಲ್ಲಿ, ಲಂಡನ್ನಿನ ಶರೀರಶಾಸ್ತ್ರಜ್ಞ ಅರ್ನೆಸ್ಟ್ ಸ್ಟಾರ್ಲಿಂಗನ ಉಪನ್ಯಾಸಗಳಿಂದ.

ಎಲುಬು ಗ್ರಂಥಿವೈದ್ಯನ ಕೈಗೆ ಬಂದುದು ಹೀಗೆ. ಬೊಕ್ಕಸ ಬರಿದಾದಾಗ ಗೋಡೆಯನ್ನು ಮಾತ್ರ ತಟ್ಟಿ ನೋಡಿದರೆ ಸಾಲದು, ಕೀಲಿಕೈ ಯಾರ ಬಳಿ ಇದೆಯೆಂದೂ ನೋಡಬೇಕು.

ಈ ಗ್ರಂಥಿಗಳು ಮೊದಲು ಕಣ್ಣಿಗೆ ಬಿದ್ದ ಕಥೆಯಲ್ಲಿ ಭಾರತದ ಪಾಲೂ ಒಂದಿಷ್ಟಿದೆ, ವಿನೋದದ ಪಾಲು. 1849ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಭಾರತದಿಂದ ಹೋಗಿದ್ದ ಘೇಂಡಾಮೃಗವೊಂದು ಸತ್ತಿತು. ರಿಚರ್ಡ್ ಓವೆನ್ ಎಂಬ ಪಂಡಿತ ಅದನ್ನು ಕೊಯ್ದು ನೋಡುವಾಗ ಕೊರಳಲ್ಲಿ ಹಳದಿ ಛಾಯೆಯ ಸಣ್ಣ ಗಂಟೊಂದನ್ನು ಕಂಡು ಬರೆದಿಟ್ಟ. ಅದರ ಉಪಯೋಗವೇನೆಂದು ಅವನಿಗೂ ತಿಳಿಯದು. ಮನುಷ್ಯನ ಕೊರಳಿನಲ್ಲಿಯೂ ಅದಿದೆಯೆಂದು 1880ರಲ್ಲಿ ಪ್ರಕಟಿಸಿದವನು ಸ್ವೀಡನ್ನಿನ ಉಪ್ಸಾಲದ ಐವಾರ್ ಸ್ಯಾಂಡ್‌ಸ್ಟ್ರಾಮ್. ಅವನ ಮಾತಿಗೂ ಆಗ ಹೆಚ್ಚಿನ ಬೆಲೆ ಸಿಗಲಿಲ್ಲ.

ಬೆಲೆ ತಿಳಿದುದು ರೋಗಿಗಳ ಪ್ರಾಣಸಂಕಟದಿಂದ. ಅಮೆರಿಕದ ವ್ಯಾಪಾರಿ ಹಡಗಿನ ಕಪ್ತಾನ ಚಾರ್ಲ್ಸ್ ಮಾರ್ಟೆಲ್ ಎಂಬ ಆಜಾನುಬಾಹು ವರ್ಷದಿಂದ ವರ್ಷಕ್ಕೆ ಕುಳ್ಳನಾಗುತ್ತ ಬಂದ. ಎಲುಬುಗಳು ಒಂದಾದ ಮೇಲೊಂದು ಮುರಿದವು, ಬೆನ್ನು ಕುಸಿಯಿತು, ಎತ್ತರ ಸುಮಾರು ಏಳು ಅಂಗುಲ ತಗ್ಗಿತು, ಮೂತ್ರದಲ್ಲಿ ಕಲ್ಲು ಬಿದ್ದವು. ಪ್ಯಾರಾಥೈರಾಯಿಡ್ ಒಂದು ಗಡ್ಡೆಯಾಗಿ ಬೆಳೆದು, ಅಪ್ಪಣೆ ಕೊಡುವುದನ್ನು ನಿಲ್ಲಿಸದೆ, ಬೊಕ್ಕಸವನ್ನು ಬರಿದು ಮಾಡುತ್ತಿದೆಯೆಂದು ವೈದ್ಯರು ಊಹಿಸಿದರು. ವಿಯೆನ್ನಾದಲ್ಲಿ ಫೆಲಿಕ್ಸ್ ಮಾಂಡ್ಲ್ ಎಂಬ ಶಸ್ತ್ರವೈದ್ಯ 1925ರಲ್ಲಿಯೇ ಟ್ರಾಮ್ ಕಂಡಕ್ಟರನೊಬ್ಬನ ಕೊರಳಿನಿಂದ ಅಂಥ ಗಡ್ಡೆಯನ್ನು ತೆಗೆದು ಗುಣ ಕಂಡಿದ್ದ. ಮಾರ್ಟೆಲನ ಕೊರಳನ್ನು ಎಷ್ಟು ಸಲ ಬಿಡಿಸಿ ನೋಡಿದರೂ ಗಡ್ಡೆ ಸಿಗಲಿಲ್ಲ. ಕೊನೆಗೆ 1932ರಲ್ಲಿ, ಏಳನೆಯ ಶಸ್ತ್ರಕ್ರಿಯೆಯಲ್ಲಿ, ಅದು ಎದೆಯ ಗೂಡಿನೊಳಗೆ ಅಡಗಿ ಕುಳಿತಿದ್ದುದು ಪತ್ತೆಯಾಯಿತು. ಆದರೆ ಅಷ್ಟರಲ್ಲಿ ಅವನ ಮೂತ್ರಪಿಂಡಗಳು ಹಾಳಾಗಿದ್ದವು. ಕೆಲವೇ ವಾರಗಳಲ್ಲಿ ಅವನು ತೀರಿಕೊಂಡ. ಇಂದಿನ ರೋಗಿಗೆ ಒಂದು ರಕ್ತಪರೀಕ್ಷೆಯೂ ಒಂದೆರಡು ಚಿತ್ರಗಳೂ ಹೇಳಿಬಿಡುವ ವಿಷಯವನ್ನು ತಿಳಿಯಲು ಆ ಮನುಷ್ಯ ಏಳು ಬಾರಿ ಕತ್ತಿಗೆ ಮೈಯೊಡ್ಡಬೇಕಾಯಿತು.

ಒಂದೇ ಬೆಂಚಿನ ಮೇಲೆ

ರಂಗಂಪೇಟೆಯ ಕಡೆಯಿಂದ ಹೊರಟು, ಕಲಬುರಗಿಯಲ್ಲೋ ಬೆಂಗಳೂರಿನಲ್ಲೋ ಒಬ್ಬ ಗ್ರಂಥಿವೈದ್ಯನ ಬಾಗಿಲಿನ ಬೆಂಚಿನ ಮೇಲೆ ನಾಲ್ವರು ಕುಳಿತಿದ್ದಾರೆಂದು ಓದುಗರು ಭಾವಿಸಿಕೊಳ್ಳಲಿ. ನಾಲ್ವರ ಬಾಯಲ್ಲೂ ಒಂದೇ ಮಾತು: "ಮೈಕೈ ನೋವ್ರಿ, ನಡೀಲಿಕ್ಕ ಆಗವಲ್ದು."

ಮೊದಲನೆಯವಳು ಮಗ್ಗದ ಮನೆಯ ಸೊಸೆ, ಎರಡು ಮಕ್ಕಳ ತಾಯಿ. ನಡಿಗೆ ಬಾತುಕೋಳಿಯಂತೆ ಅತ್ತಿತ್ತ ಓಲಾಡುತ್ತದೆ. ನೆಲದಿಂದ ಏಳಬೇಕಾದರೆ ಗೋಡೆ ಹಿಡಿಯಬೇಕು. ಪಕ್ಕೆಲುಬನ್ನು ಒತ್ತಿದರೆ ಚೀರುತ್ತಾಳೆ. ರಕ್ತದಲ್ಲಿ ಡಿ ಜೀವಸತ್ವ ಬತ್ತಿಹೋಗಿದೆ. ಊಟದ ಸುಣ್ಣವನ್ನು ಕರುಳು ಹೀರುತ್ತಿಲ್ಲ. ಕೊರಳಿನ ಕಾವಲುಗಾರರು ದಿಕ್ಕುಗಾಣದೆ ಎಲುಬನ್ನೇ ಕರಗಿಸಿ ರಕ್ತದ ಲೆಕ್ಕ ಸರಿದೂಗಿಸುತ್ತಿದ್ದಾರೆ. ಹೊಸದಾಗಿ ಕಟ್ಟಿದ ಎಲುಬಿಗೆ ಸುಣ್ಣ ಕೂಡದೆ ಅದು ಮೆದುವಾಗಿಯೇ ಉಳಿದಿದೆ. ಮಕ್ಕಳಲ್ಲಾದರೆ ಇದನ್ನೇ ರಿಕೆಟ್ಸ್ ಎನ್ನುತ್ತಾರೆ. ಮೆದು ಎಲುಬು ಮೈಭಾರಕ್ಕೆ ಬಾಗಿ ಕಾಲು ಸೊಟ್ಟಗಾಗುತ್ತದೆ.

ಸುರಪುರದ ಸೀಮೆಯಲ್ಲಿ ಬಿಸಿಲಿನ ಜೀವಸತ್ವಕ್ಕೆ ಕೊರತೆಯೆಂದರೆ ನಂಬುವವರಾರು? ಆದರೆ ಅದು ನಿಜ. ಬಿಸಿಲಿನ ಅತಿನೇರಳೆ ಕಿರಣ ಚರ್ಮದ ಮೇಲೆ ಬಿದ್ದಾಗಲೇ ಈ ಜೀವಸತ್ವ ಹುಟ್ಟುವುದು. ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ 1919ರಲ್ಲಿ ರಿಕೆಟ್ಸ್ ಹಿಡಿದ ಮಕ್ಕಳನ್ನು ಅಂಥ ಕಿರಣದ ದೀಪದ ಮುಂದಿಟ್ಟು ಗುಣಪಡಿಸಿ ತೋರಿಸಿದ. ತಿರುಪತಿಯಲ್ಲಿ ಡಾ. ಸಿ. ವಿ. ಹರಿನಾರಾಯಣರೂ ಅವರ ಸಂಗಡಿಗರೂ ನಡೆಸಿದ ಪರಿಶೀಲನೆಗಳು ಈ ವಿಷಯದಲ್ಲಿ ದಕ್ಷಿಣದವರ ಕಣ್ಣು ತೆರೆಯಿಸಿದವು. ಅಲ್ಲಿಯ ಬಿಸಿಲು ಚರ್ಮದಲ್ಲಿ ಈ ಸತ್ವವನ್ನು ಚೆನ್ನಾಗಿ ಹುಟ್ಟಿಸುವುದು ಬೆಳಗಿನ 11ರಿಂದ ಮಧ್ಯಾಹ್ನ 2 ಗಂಟೆಯವರೆಗೆ. ಎಂದರೆ, ಬುದ್ಧಿಯುಳ್ಳವರೆಲ್ಲ ನೆರಳು ಹುಡುಕುವ ವೇಳೆಯಲ್ಲಿ! 2007ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಲೇಖನದ ಪ್ರಕಾರ, ಆರೋಗ್ಯವಂತರೆಂದೇ ಎಣಿಸಿದ ದಕ್ಷಿಣ ಭಾರತೀಯರಲ್ಲಿಯೂ ಡಿ ಜೀವಸತ್ವದ ಕೊರತೆ ವ್ಯಾಪಕ, ಊಟದಲ್ಲಿ ಸುಣ್ಣ ಕಡಿಮೆ, ಮೇಲಾಗಿ ಕಾಳುಕಡಿಗಳ ಹೊಟ್ಟಿನಲ್ಲಿರುವ ಫೈಟೇಟ್ ಎಂಬ ವಸ್ತು ಇದ್ದ ಸುಣ್ಣವನ್ನೂ ಹಿಡಿದಿಟ್ಟು ಬಿಡುತ್ತದೆ. ಹೊಲದಲ್ಲಿ ದುಡಿಯುವ ಹಳ್ಳಿಗರ ಸ್ಥಿತಿ ಪೇಟೆಯವರಿಗಿಂತ ಮೇಲು. ಆದರೂ ಕೊರತೆ ಅವರನ್ನೂ ಬಿಟ್ಟಿರಲಿಲ್ಲ. ಮೈತುಂಬ ಬಟ್ಟೆ, ಕಪ್ಪು ಚರ್ಮ, ಮಗ್ಗದ ಗುಂಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾಲಿಳಿಬಿಟ್ಟ ಬದುಕು, ಮೇಲೆ ಎರಡು ಬಸಿರು, ಎರಡು ಬಾಣಂತನ. ಆ ಸೊಸೆಯ ಬೊಕ್ಕಸಕ್ಕೆ ಜಮೆ ಎಲ್ಲಿಂದ ಬರಬೇಕು?

ಜೋಳವೂ ಈ ವಿಷಯದಲ್ಲಿ ಬಡವ. ನೂರು ಗ್ರಾಂ ಜೋಳದಲ್ಲಿ ಸುಣ್ಣದ ಸತ್ವ ಸುಮಾರು 25 ಮಿಲಿಗ್ರಾಂ. ಅಷ್ಟೇ ರಾಗಿಯಲ್ಲಿ 344. ಮೈಸೂರು ಸೀಮೆಯವರು ಇದನ್ನು ಓದಿ ಬೀಗುವುದು ಬೇಡ. ಎಳ್ಳಿನಲ್ಲಿ ಸಾವಿರಕ್ಕೂ ಮಿಕ್ಕಿದೆ, ರೊಟ್ಟಿಗೆ ಎಳ್ಳು ಹಚ್ಚಿ ಬಡಿಯುವ ಪದ್ಧತಿ ಉತ್ತರದವರದೇ. ಮೊಸರನ್ನೂ ಅವರು ಮರೆತವರಲ್ಲ, ಬಡತನ ಮರೆಸಿದ ಮನೆಗಳನ್ನು ಬಿಟ್ಟು. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆ ಶಾಲೆಯ ಮಕ್ಕಳ ಕೈಗೆ ಹಾಲಿನ ಲೋಟ ಕೊಟ್ಟಿತು. ಎಲುಬಿನ ದೃಷ್ಟಿಯಿಂದ ಅದನ್ನು ದೊಡ್ಡ ಔಷಧಾಲಯವೆಂದೇ ಎಣಿಸಬೇಕು.

ಈ ತಾಯಿಯ ರೋಗವೇ ನಾಲ್ಕರಲ್ಲಿ ಅತ್ಯಂತ ಸುಲಭವಾಗಿ ಗುಣವಾಗತಕ್ಕದ್ದು. ಡಿ ಜೀವಸತ್ವವನ್ನೂ ಕ್ಯಾಲ್ಸಿಯಂ ಗುಳಿಗೆಯನ್ನೂ ಅಳತೆಯರಿತು ಕೊಟ್ಟರೆ ಕೆಲವು ತಿಂಗಳಲ್ಲಿ ಅವಳು ಗೋಡೆ ಬಿಟ್ಟು ಎದ್ದು ನಿಲ್ಲುತ್ತಾಳೆ. ವರ್ಷಗಟ್ಟಲೆ ನೋವಿನ ಗುಳಿಗೆ ನುಂಗಿದವಳಿಗೆ ಬೇಕಾಗಿದ್ದುದು ಇಷ್ಟೆ.

ಎರಡನೆಯವನು ಕೊಳವೆಬಾವಿಯ ನೀರು ಕುಡಿದು ಬೆಳೆದ ಹಳ್ಳಿಯ ರೈತ, ನಲವತ್ತೈದು ವಯಸ್ಸು. ಮೇಲ್ನೋಟಕ್ಕೆ ಇವನ ಸ್ಥಿತಿಯೂ ಅವಳದರಂತೆಯೇ. ಆದರೆ ವೈದ್ಯ ಮೂರು ಕೆಲಸ ಮಾಡಿಸುತ್ತಾನೆ: ನೆಲದ ಮೇಲಿನ ನಾಣ್ಯವನ್ನು ಮೊಣಕಾಲು ಮಡಿಸದೆ ಎತ್ತು, ಗದ್ದವನ್ನು ಎದೆಗೆ ತಾಗಿಸು, ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯು. ಮೂರೂ ಇವನಿಂದಾಗದು. ಬೆನ್ನುಹುರಿಯ ಗೂಡು ಬಿದಿರಿನ ಗಳದಂತೆ ಸೆಟೆದಿದೆ. ಕ್ಷ-ಕಿರಣದ ಚಿತ್ರದಲ್ಲಿ ಎಲುಬು ಮಬ್ಬಾಗಿ ಕಾಣುವ ಬದಲು ಸುಣ್ಣ ಬಳಿದಂತೆ ಬೆಳ್ಳಗೆ ಹೊಳೆಯುತ್ತದೆ. ಮುಂಗೈಯ ಎರಡು ಎಲುಬುಗಳ ನಡುವಣ ಪೊರೆಯೂ ಎಲುಬಾಗತೊಡಗಿದೆ. ಇದು ಫ್ಲೋರೋಸಿಸ್. ಬಂಡೆಗಲ್ಲಿನ ಖನಿಜಗಳಿಂದ ನೀರಿಗಿಳಿದ ಫ್ಲೋರೈಡ್ ಕಟ್ಟುವ ಕಣಗಳನ್ನು ಕೆರಳಿಸಿ ಎಲುಬನ್ನು ಅತಿಯಾಗಿ ಕಟ್ಟಿಸುತ್ತದೆ. ಆ ಕಟ್ಟಡ ದಪ್ಪ, ಆದರೆ ಹದಗೆಟ್ಟದ್ದು.

ಭಾರತದಲ್ಲಿ ಇದನ್ನು ಗುರುತಿಸಿ ಮೊದಲು ಬರೆದುದು 1937ರಲ್ಲಿ, ಆಗಿನ ಮದರಾಸು ಪ್ರಾಂತದ ನೆಲ್ಲೂರು ಕಡೆಯ ಹಳ್ಳಿಗಳನ್ನು ಕುರಿತು. ಕರ್ನಾಟಕದಲ್ಲಿ ಮುಂಡರಗಿ, ಪಾವಗಡ, ಬಾಗೇಪಲ್ಲಿಗಳ ಹೆಸರು ಈ ಸಂಬಂಧವಾಗಿ ಮತ್ತೆಮತ್ತೆ ಕೇಳಿಬರುತ್ತದೆ. ರಾಯಚೂರು, ಕೊಪ್ಪಳ, ಯಾದಗಿರಿಗಳ ಹಲವು ಹಳ್ಳಿಗಳ ಅಂತರ್ಜಲವೂ ಇದರಿಂದ ಮುಕ್ತವಲ್ಲ. ಒಂದು ಲೀಟರಿಗೆ ಒಂದು ಮಿಲಿಗ್ರಾಮಿನೊಳಗಿದ್ದರೆ ಲೇಸು, ಬೇರೆ ನೀರಿಲ್ಲದಾಗ ಒಂದೂವರೆಯವರೆಗೆ ಸೈರಿಸಬಹುದು ಎಂಬುದು ಸರಕಾರದ ಅಳತೆ. ನೀರಿನ ಬಣ್ಣ, ರುಚಿ, ವಾಸನೆಗಳಿಂದ ಇದನ್ನು ತಿಳಿಯುವಂತಿಲ್ಲ. ತಿಳಿನೀರೇ ವೈರಿಯಾದರೆ ಬಾಯಾರಿದವನು ಮಾಡುವುದಾದರೂ ಏನು?

ಈ ರೈತನಿಗೆ ಮೊದಲ ಔಷಧಿ ಅಂಗಡಿಯಲ್ಲಿ ಸಿಗುವುದಲ್ಲ, ಬೇರೆ ನೀರು. ಮಳೆಯ ನೀರಾಗಲಿ, ಶುದ್ಧೀಕರಿಸಿದ ಹೊಳೆಯ ನೀರಾಗಲಿ ಆದೀತು. ನಾರಾಯಣಪುರದ ಬಸವಸಾಗರದಲ್ಲಿ ಕೃಷ್ಣೆ ತುಂಬಿ ನಿಂತಿರುವ ಸೀಮೆಯಿದು. ಆ ನೀರು ಹೊಲಕ್ಕೆ ಹರಿದಷ್ಟೇ ಕೊಡಕ್ಕೂ ಹರಿದರೆ ಎಲುಬಿನ ವೈದ್ಯನ ಅರ್ಧ ಕೆಲಸ ಮುಗಿದಂತೆ. ಬೆಸೆದುಹೋದ ಬೆನ್ನು ಮತ್ತೆ ಬಳುಕುವಂತಾಗುವುದು ಕಷ್ಟ. ಆದರೆ ನೋವು ತಗ್ಗೀತು, ಮಕ್ಕಳು ಉಳಿದಾರು.

ನೀರಿಗೂ ಗ್ರಂಥಿಗೂ ಗಂಟುಬೀಳುವುದು ಇಲ್ಲಿಯೇ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ, ಕೃಷ್ಣಸ್ವಾಮಿ ಎಂಬ ವಿಜ್ಞಾನಿಗಳು 1973ರಲ್ಲಿ ಆಂಧ್ರದ ಫ್ಲೋರೈಡ್ ಹಳ್ಳಿಗಳ ಹುಡುಗರಲ್ಲಿ ಒಂದು ಹೊಸ ವಿಕಾರವನ್ನು ವರ್ಣಿಸಿದರು. ಮೊಣಕಾಲುಗಳು ಒಂದಕ್ಕೊಂದು ತಾಗಿ ಪಾದಗಳು ದೂರ ಸರಿದಿದ್ದವು. ಕಾಲೆಲುಬುಗಳು ಗಟ್ಟಿಯಾಗುವ ಬದಲು ಟೊಳ್ಳಾಗಿದ್ದವು. ಊಟದಲ್ಲಿ ಸುಣ್ಣ ಕಡಿಮೆಯಿದ್ದಲ್ಲಿ ಫ್ಲೋರೈಡ್ ಇದ್ದ ಸುಣ್ಣವನ್ನೂ ಎಲುಬಿನತ್ತ ಎಳೆಯುತ್ತದೆ, ರಕ್ತದ ಲೆಕ್ಕ ತಪ್ಪುತ್ತದೆ, ಕೊರಳಿನ ಕಾವಲುಗಾರರು ಕೆರಳಿ ಬೊಕ್ಕಸವನ್ನು ಒಡೆಯುತ್ತಾರೆ. ಅನ್ನ ಉಣ್ಣುವವರಿಗಿಂತ ಜೋಳ ಉಣ್ಣುವವರ ಮೈಯಲ್ಲಿ ಫ್ಲೋರೈಡ್ ಹೆಚ್ಚು ನಿಲ್ಲುತ್ತದೆಂಬುದನ್ನೂ ಅದೇ ಸಂಸ್ಥೆಯವರು ಆ ದಶಕದಲ್ಲಿಯೇ ತೋರಿಸಿದರು. ಜೋಳದ ನಾಡು ಕೂಡಲೇ ಗಾಬರಿಗೊಂಡು ರೊಟ್ಟಿ ಬಿಡಬೇಕಾಗಿಲ್ಲ. ಕೆಡುಕು ರೊಟ್ಟಿಯಲ್ಲಿಲ್ಲ, ರೊಟ್ಟಿಯ ಮಗ್ಗುಲಿನ ಚೊಂಬಿನಲ್ಲಿದೆ.

ನೀರಿನ ಮಾತು ಬಂದಾಗ ಸುರಪುರ ಸೀಮೆಯದೇ ಆದ ಇನ್ನೊಂದು ದುಃಖವನ್ನು ಹೇಳದೆ ಬಿಡುವಂತಿಲ್ಲ. ಹಳೆಯ ಚಿನ್ನದ ಗಣಿಯಿದ್ದ ಮಂಗಳೂರು (ಇದು ಕರಾವಳಿಯ ಮಂಗಳೂರಲ್ಲ) ಶಿಲಾವಲಯದ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನೊಳಗೆ ಆರ್ಸೆನಿಕ್ ಎಂಬ ಪಾಷಾಣ ಬೆರೆತುದನ್ನೂ ಜನರ ಚರ್ಮದ ಮೇಲೆ ಅದರ ಗುರುತು ಮೂಡಿದುದನ್ನೂ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು. ಅದು ಎಲುಬಿನ ರೋಗವಲ್ಲ. ಆದರೆ ಈ ನೆಲದಿಂದ ಬಂದ ರೋಗಿಯನ್ನು "ಯಾವ ನೀರು ಕುಡಿಯುತ್ತೀರಿ?" ಎಂದು ಕೇಳದೆ ಬಿಡುವ ವೈದ್ಯ ಅರ್ಧ ವೈದ್ಯನೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಬೆಂಚಿನ ಮೂರನೆಯವಳು ಐವತ್ತು ದಾಟಿದ ಹೆಂಗಸು. ಎರಡು ಸಲ ಮೂತ್ರಪಿಂಡದಲ್ಲಿ ಕಲ್ಲು. ಈಗ ಅಂಗಳದಲ್ಲಿ ಕಾಲು ಜಾರಿದ್ದಕ್ಕೇ ತೊಡೆಯೆಲುಬು ಮುರಿದಿದೆ. ಸದಾ ಬಾಯಾರಿಕೆ, ಮಲಬದ್ಧತೆ, ಮಂಕು. ಮನೆಯವರು "ಎಲುಬು ಸವೆದದ" ಎಂದುಕೊಂಡು ಕ್ಯಾಲ್ಸಿಯಂ ಗುಳಿಗೆ ನುಂಗಿಸುತ್ತಿದ್ದಾರೆ. ರಕ್ತದಲ್ಲಿಯಾದರೋ ಸುಣ್ಣ ಆಗಲೇ ಮಿತಿ ಮೀರಿದೆ! ಕಪ್ತಾನ ಮಾರ್ಟೆಲನ ರೋಗವೇ ಇದು. ಪಶ್ಚಿಮ ದೇಶಗಳಲ್ಲಿ ಈಗ ಈ ರೋಗ ಯಾವುದೋ ಕಾರಣಕ್ಕೆ ಮಾಡಿದ ರಕ್ತಪರೀಕ್ಷೆಯಲ್ಲಿ, ರೋಗಿಗೆ ಏನೂ ಅನ್ನಿಸುವ ಮೊದಲೇ, ಸಿಕ್ಕಿಬೀಳುವುದೇ ಹೆಚ್ಚು. ಭಾರತದ ಆಸ್ಪತ್ರೆಗಳಿಗೆ ಮುರಿದ ಎಲುಬಿನೊಡನೆ ಬಂದು ತಲಪುವವರೇ ಬಹುಕಾಲ ಹೆಚ್ಚಾಗಿದ್ದರು. ಗಡ್ಡೆಯಾದ ಗ್ರಂಥಿಯನ್ನು ಪತ್ತೆಹಚ್ಚಿ ತೆಗೆಸುವುದೇ ಮದ್ದು. ತೆಗೆದ ಮರುದಿನದ ಸ್ವಾರಸ್ಯ ಕೇಳತಕ್ಕದ್ದು. ವರ್ಷಗಟ್ಟಲೆ ಕೊಳ್ಳೆ ಹೋದ ಎಲುಬು ಹಸಿದ ಮಗುವಿನಂತೆ ರಕ್ತದ ಸುಣ್ಣವನ್ನೆಲ್ಲ ಒಮ್ಮೆಲೇ ಹೀರತೊಡಗುತ್ತದೆ. ವೈದ್ಯರು ಇದಕ್ಕೆ 'ಹಸಿದ ಎಲುಬು' ಎಂದೇ ಹೆಸರಿಟ್ಟಿದ್ದಾರೆ. ನಿನ್ನೆಯವರೆಗೆ ಯಾರಿಗೆ ಕ್ಯಾಲ್ಸಿಯಂ ಕೂಡದೆಂದಿದ್ದರೋ ಅವರಿಗೇ ಇಂದು ರಕ್ತನಾಳದ ಮೂಲಕ ಅದನ್ನು ಹನಿಹನಿಯಾಗಿ ಏರಿಸಬೇಕಾಗುತ್ತದೆ.

ನಾಲ್ಕನೆಯವರು ಮುದುಕರು. ಮುಖ ಹುಣ್ಣಿಮೆಯ ಚಂದ್ರನಂತೆ ದುಂಡಗೆ, ಹೊಟ್ಟೆ ದೊಡ್ಡದು, ಕೈಕಾಲು ಮಾತ್ರ ಕಡ್ಡಿ. ಚರ್ಮ ಮುಟ್ಟಿದರೆ ಕಪ್ಪುಗಟ್ಟುತ್ತದೆ. "ಪುಡಿ ತಗೊಂಡ ದಿವಸ ಕುದುರಿಹಂಗ ಓಡಾಡ್ತೀನ್ರಿ, ಬಿಟ್ರ ಏಳಲಿಕ್ಕ ಆಗಂಗಿಲ್ಲ" ಎನ್ನುತ್ತಾರೆ. ಈ ಒಂದು ಮಾತಿನಲ್ಲಿಯೇ ರೋಗದ ಹೆಸರಿದೆ. ಹೆಸರಿಲ್ಲದ ಇಂಥ ಪುಡಿಗಳಲ್ಲಿ ಸ್ಟೆರಾಯಿಡ್ ಬೆರೆತಿರುವುದುಂಟು. ಅದೂ ಒಂದು ಹಾರ್ಮೋನೇ; ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಯ ರಸಕ್ಕೆ ಸಮಾನವಾದದ್ದು. ಬಲ್ಲವರ ಕೈಯಲ್ಲಿ ಪ್ರಾಣ ಉಳಿಸುವ ವಸ್ತು. ಆದರೆ ವರ್ಷಗಟ್ಟಲೆ ನುಂಗಿದರೆ ಕಟ್ಟುವ ಕಣಗಳನ್ನು ಕೊಂದು ಎಲುಬನ್ನು ಟೊಳ್ಳು ಮಾಡುತ್ತದೆ. ಎಲುಬಿನ ನೋವಿಗೆಂದು ತಂದ ಪುಡಿಯೇ ಎಲುಬನ್ನು ತಿಂದಿತು. ಹಾಗೆಂದು ಕೇಳಿದ ಕೂಡಲೇ ಪುಡಿಯನ್ನು ಹಿತ್ತಿಲಿಗೆ ಎಸೆಯುವುದೂ ಅಪಾಯ. ಹೊರಗಿನಿಂದ ರಸ ಬರುತ್ತಿದ್ದಷ್ಟು ಕಾಲ ಸ್ವಂತ ಗ್ರಂಥಿ ನಿದ್ದೆ ಹೋಗಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಜ್ವರವೋ ವಾಂತಿಯೋ ನೆಪವಾಗಿ ರೋಗಿ ಕುಸಿದು ಬೀಳಬಹುದು. ವೈದ್ಯನ ಕಣ್ಣಳತೆಯಲ್ಲಿ ಇಷ್ಟಿಷ್ಟಾಗಿ ಇಳಿಸಿ ಆ ಗ್ರಂಥಿಯನ್ನು ಎಚ್ಚರಿಸಬೇಕು.

ಮುಟ್ಟು ನಿಂತ ಹೆಂಗಸರ ಎಲುಬು ತೆಳುವಾಗುವುದು, ಥೈರಾಯಿಡ್ ರಸ ಹೆಚ್ಚಾದವರ ಎಲುಬು ಸವೆಯುವುದು, ಸಿಹಿಮೂತ್ರದವರ ಎಲುಬಿನ ತೊಂದರೆ ಇವೆಲ್ಲ ಈ ವೈದ್ಯನ ಪಟ್ಟಿಯಲ್ಲಿ ಇನ್ನೂ ಇವೆ. ಬೆಂಚಿನಲ್ಲಿ ಅಷ್ಟು ಜನಕ್ಕೆ ಇಂದು ಎಡೆಯಿಲ್ಲ.

ಹಂದಿಗೋಡಿನ ಪಾಠ

ಗ್ರಂಥಿಯೂ ಅಲ್ಲದ, ನೀರೂ ಅಲ್ಲದ ಕಾರಣ ಇರಬಹುದೆಂಬುದನ್ನು ಕರ್ನಾಟಕಕ್ಕೆ ಕಲಿಸಿದ ಊರೊಂದಿದೆ. ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ಹಂದಿಗೋಡಿನಲ್ಲಿ 1974–75ರ ಸುಮಾರಿಗೆ ವಿಚಿತ್ರವಾದ ಬೇನೆ ಬೆಳಕಿಗೆ ಬಂತು. ಸೊಂಟದ ಕೀಲು ಸವೆದು ಜನ ಕುಂಟತೊಡಗಿದ್ದರು, ಕೆಲವರು ತೆವಳುವ ಸ್ಥಿತಿಗಿಳಿದಿದ್ದರು, ಕೆಲವು ಮನೆಗಳಲ್ಲಿ ಮಕ್ಕಳು ಕುಬ್ಜರಾಗಿ ಬೆಳೆದಿದ್ದರು. ಬೇನೆ ಬಿದ್ದುದು ಬಡ ದಲಿತ ಕುಟುಂಬಗಳ ಮೇಲೆ. ಗದ್ದೆಯ ಏಡಿ ಮೀನುಗಳನ್ನು ಹಿಡಿದು ತಿನ್ನುವವರು ಅವರು. ಗದ್ದೆಗೆ ಕೀಟನಾಶಕ ಹೊಡೆಯತೊಡಗಿದ್ದ ಕಾಲ ಅದು. ವಿಷ ಏಡಿಯ ಮೂಲಕ ಮೈಸೇರಿತೆಂದು ಮೊದಲಿಗೆ ತರ್ಕಿಸಲಾಯಿತು. ತರ್ಕ ಚೆನ್ನಾಗಿಯೇ ಇತ್ತು. ಆದರೆ ವಂಶಾವಳಿಗಳನ್ನು ಬಿಡಿಸಿ ನೋಡಿದ ಮುಂದಿನ ಸಂಶೋಧಕರಿಗೆ ಬೇನೆ ತಂದೆ ತಾಯಿಗಳಿಂದ ಮಕ್ಕಳಿಗೆ ಇಳಿದು ಬರುತ್ತಿರುವುದು ಕಂಡಿತು. ಹೆತ್ತವರಲ್ಲಿ ಒಬ್ಬರಿಗಿದ್ದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಸರಿಅರ್ಧ. ಎಲುಬಿನ ತುದಿಗಳು ಬೆಳೆಯುವ ಕ್ರಮದಲ್ಲಿಯೇ ದೋಷ. ಗುಳಿಗೆಯಿಂದ ಅದನ್ನು ತಿದ್ದುವಂತಿಲ್ಲ. ಆಸರೆಯೂ, ಬದಲಿ ಕೀಲಿನ ಶಸ್ತ್ರಕ್ರಿಯೆಯೂ, ಸರಕಾರದ ನೆರವೂ ಬೇಕು. ಹಂದಿಗೋಡಿನ ರೋಗಿಗೆ ಮಗ್ಗದ ಮನೆಯ ಸೊಸೆಯ ಜೀವಸತ್ವವನ್ನು ಎಷ್ಟು ಕೊಟ್ಟರೂ ಸೊಂಟ ನೆಟ್ಟಗಾಗದು. ಸೊಸೆಗೆ ಹಂದಿಗೋಡಿನವರ ಪಾಡು ಬಂದಿದೆಯೆಂದು ಕೈಚೆಲ್ಲಿದ್ದರೆ ಅದು ಇನ್ನೂ ದೊಡ್ಡ ಅನ್ಯಾಯವಾಗುತ್ತಿತ್ತು.

ಇಷ್ಟನ್ನೂ ಬಿಡಿಸಿ ಹೇಳಬಲ್ಲ ತಜ್ಞರು ದೊಡ್ಡ ನಗರಗಳಲ್ಲಿಯೇ ನೆಲಸಿದ್ದಾರೆ. ವೈದ್ಯಪದವಿ, ಅದರ ಮೇಲೆ ಸಾಮಾನ್ಯ ವೈದ್ಯಶಾಸ್ತ್ರದಲ್ಲಿ ಮೂರು ವರ್ಷ, ಮತ್ತೆ ಗ್ರಂಥಿಗಳಿಗಾಗಿಯೇ ಮೂರು ವರ್ಷ ಓದಿದವರು ಅವರು, ಎಣಿಕೆಯಲ್ಲಿ ಸ್ವಲ್ಪ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದುದು 2009ರ ಕೊನೆಗೆ. ಅಲ್ಲಿಗೆ ಸರಕಾರಿ ವೈದ್ಯಕೀಯ ಕಾಲೇಜು ಬಂದುದು ಈಚೆಗೆ. ರಂಗಂಪೇಟೆಯ ರೋಗಿಯೊಬ್ಬ ಬೆಂಗಳೂರಿಗೆ ಹೋಗಿಬರಬೇಕಾದರೆ ಎರಡು ರಾತ್ರಿಯ ಬಸ್ಸು, ಜೊತೆಗೊಬ್ಬ ಆಳು, ಇಬ್ಬರ ಕೂಲಿ ನಷ್ಟ. ಆದುದರಿಂದ ತಿಳಿದ ತಜ್ಞ ಮೊದಲ ಭೇಟಿಯಲ್ಲಿಯೇ ಕೇಳಬೇಕಾದುದನ್ನೆಲ್ಲ ಕೇಳಿಬಿಡುತ್ತಾನೆ. ಅದಕ್ಕೆ ಯಂತ್ರ ಬೇಕಿಲ್ಲ. ಕುಡಿಯುವುದು ಯಾವ ಬಾವಿಯ ನೀರು, ಎಷ್ಟು ವರ್ಷದಿಂದ? ಕೆಲಸ ನೆರಳಿನಲ್ಲೋ ಬಿಸಿಲಿನಲ್ಲೋ? ಮೊಸರು ದಿನವೂ ಉಂಟೇ? ಕಲ್ಲು ಬಿದ್ದದ್ದುಂಟೇ? ಪುಡಿ ತಂದದ್ದು ಯಾರಿಂದ, ಇದ್ದರೆ ಪೊಟ್ಟಣ ತೋರಿಸಿ. ಮನೆತನದಲ್ಲಿ ಕುಳ್ಳರು, ಕುಂಟರು ಇದ್ದರೇ? ಅರ್ಧ ರೋಗ ಈ ಪ್ರಶ್ನೆಗಳಿಗೇ ಸಿಕ್ಕಿಬೀಳುತ್ತದೆ. ಉಳಿದರ್ಧಕ್ಕೆ ರಕ್ತದಲ್ಲಿಯ ಕ್ಯಾಲ್ಸಿಯಂ, ರಂಜಕ, ಡಿ ಜೀವಸತ್ವ, ಪ್ಯಾರಾಥೈರಾಯಿಡ್ ರಸ ಇವುಗಳ ಪರೀಕ್ಷೆ ಮತ್ತು ಒಂದೆರಡು ಕ್ಷ-ಕಿರಣ ಚಿತ್ರಗಳು ಬಹುಮಟ್ಟಿಗೆ ಸಾಕು. ಈ ಪ್ರಶ್ನೆಗಳನ್ನು ತಾಲೂಕು ಆಸ್ಪತ್ರೆಯ ವೈದ್ಯನೂ ಕೇಳಬಹುದು, ಹಳ್ಳಿಯ ಆಶಾ ಕಾರ್ಯಕರ್ತೆಯೂ ಕೇಳಬಹುದು.

ರೈತ ತನ್ನೊಡನೆ ಆರು ವರ್ಷದ ಮೊಮ್ಮಗನನ್ನು ಕರೆತಂದಿದ್ದರೆ, ವೈದ್ಯ ಹುಡುಗನನ್ನು ಬಳಿಗೆ ಕರೆದು ಬಾಯಿ ತೆರೆಯಿಸುತ್ತಾನೆ. ಫ್ಲೋರೈಡಿನ ಕಲೆ ಹಲ್ಲಿಗೆ ತಗಲುವುದು ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಮಾತ್ರ, ಸುಮಾರು ಎಂಟನೆಯ ವರ್ಷದೊಳಗೆ. ಆಮೇಲೆ ಎಂಥ ನೀರು ಕುಡಿದರೂ ಹಲ್ಲು ಹೇಳುವುದಿಲ್ಲ, ಎಲುಬು ಮಾತ್ರ ಅನುಭವಿಸುತ್ತದೆ. ಹೊಸದಾಗಿ ಹುಟ್ಟಿದ ಮುಂಬಲ್ಲುಗಳ ಮೇಲೆ ಸೀಮೆಸುಣ್ಣದಂಥ ಅಡ್ಡಗೆರೆಗಳು ಕಂಡರೆ ವೈದ್ಯ ಔಷಧಿಯ ಚೀಟಿಯ ಕೆಳಗೆ ಇನ್ನೊಂದು ಸಾಲು ಬರೆಯುತ್ತಾನೆ: ಊರಿನ ಕೊಳವೆಬಾವಿಯ ನೀರನ್ನು ಒಂದು ಶೀಶೆಯಲ್ಲಿ ತುಂಬಿ ಪರೀಕ್ಷೆಗೆ ಕಳುಹಿಸತಕ್ಕದ್ದು.